ಶಿಕಾಗೋದ ಬೀನು, ನಮ್ಮೂರ ಪಾಚಿ

ಶಿವಮೊಗ್ಗದಲ್ಲಿ ಆಷಾಢದ ಜಡಿಮಳೆ. ಸರ್ಕಲ್‌ನ ಸಿಮೆಂಟ್ ಪ್ರತಿಮೆಗಳ ಹೆಗಲ ಮೇಲೆ ಆಗಲೇ ಹಸಿರು ಶಾಲು. ಇಂಥ ಹೊತ್ತಲ್ಲಿ ನೆನಪಾಗೋದು ಶಿಕಾಗೋದ ಮಿಲೇನಿಯಂ ಪಾರ್ಕಿನಲ್ಲಿ ಕನ್ನಡಿಯ ಹಾಗೆ ಹೊಳೆಯೋ ಸ್ಟೀಲ್ ಶಿಲ್ಪ 'ಕ್ಲೌಡ್ ಗೇಟ್'. ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಕೈಕೆಲಸ. ಆಕಾರ ಕಾಳಿನ ಹಾಗಿರೋದ್ರಿಂದ ಜನರ ಬಾಯಲ್ಲಿ ಬರೀ 'ಬೀನ್'.

168 ಸ್ಟೇನ್‌ಲೆಸ್ ಸ್ಟೀಲ್ ತಗಡು, ಉದ್ದ 20 ಮೀಟರ್, ತೂಕ ಸುಮಾರು 100 ಟನ್. 2004ರಲ್ಲಿ ಪಾರ್ಕ್ ತೆರೆದಾಗ ಬೆಸುಗೆ ಗೆರೆಗಳು ಇನ್ನೂ ಕಾಣ್ತಿದ್ವು. ಆಮೇಲೆ ಡೇರೆ ಕಟ್ಟಿ, ಒರಟಿಂದ ನುಣುಪಿಗೆ ಹಂತಹಂತವಾಗಿ ಉಜ್ಜಿ, ಗೆರೆ ಮಾಯ ಮಾಡೋ ಹೊತ್ತಿಗೆ 2006. ನನಗೆ ಹೊಳಪಿಗಿಂತ ಒಳಗಿನದ್ದೇ ಇಷ್ಟ: ಹೊರ ಚರ್ಮವನ್ನ ಚೌಕಟ್ಟಿಗೆ ಬಿಗಿದಿಲ್ಲ, ಬಾಗೋ ಕೊಂಡಿಗಳಲ್ಲಿ ಹಿಡಿದಿದ್ದಾರೆ. ಅಷ್ಟುದ್ದದ ಸ್ಟೀಲು 50 ಡಿಗ್ರಿ ಏರುಪೇರಿಗೆ ಸುಮಾರು 16 ಮಿ.ಮೀ. ಹಿಗ್ಗುತ್ತೆ. ಬಿಗಿದಿದ್ರೆ ಸೊಟ್ಟಗಾಗ್ತಿತ್ತು.

ನಮ್ಮ ಸಿಮೆಂಟ್ ಪ್ರತಿಮೆಗಳಿಗೆ ಶತ್ರು ನೀರು. ಕೂದಲೆಳೆ ಬಿರುಕಲ್ಲಿ ಇಳಿದು ಒಳಗಿನ ಕಬ್ಬಿಣದ ಕಂಬಿಗೆ ತುಕ್ಕು ಹಿಡಿಸುತ್ತೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತೆ, ಗಾರೆ ಸಿಡಿಯುತ್ತೆ. ಮೊದಲು ಹೋಗೋದು ಬೆರಳು, ಕಿವಿ, ಕತ್ತಿಯ ತುದಿ. ಅಲ್ಲಿ ಕಂಬಿ ಮೇಲಿನ ಗಾರೆ ತೆಳು. ಜಯಂತಿ ಬಂತು ಅಂತ ಒದ್ದೆ ಸಿಮೆಂಟಿನ ಮೇಲೇ ಎನಾಮಲ್ ಬಳಿದ್ರೆ ಒಂದೇ ಮಳೆಗಾಲಕ್ಕೆ ಗುಳ್ಳೆ. (ಚಿನ್ನದ ಬಣ್ಣವೇ ಯಾಕೆ ಬೇಕೋ!)

ರಿಪೇರಿಗೆ ಫೆಬ್ರವರಿ–ಮಾರ್ಚ್ ಸರಿ. ಸಡಿಲ ಗಾರೆ ಕಿತ್ತು, ಕಂಬಿ ಬೆಳ್ಳಗೆ ಕಾಣೋವರೆಗೂ ವೈರ್ ಬ್ರಷ್ ಹಾಕಿ, ತುಕ್ಕು ತಡೆಯೋ ಜಿಂಕ್ ಪ್ರೈಮರ್, ಮೇಲೆ ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ. ಪ್ರತಿಮೆ ಒಳಗೆ ಟೊಳ್ಳಿದ್ರೆ ಪಾದದ ಹತ್ತಿರ ನೀರು ಸೋರಿಹೋಗೋಕೆ ತೂತು ಇರಲೇಬೇಕು. ಬಣ್ಣ ಹೊಡೆಯೋರು ಮೊದಲು ಮುಚ್ಚೋದೂ ಅದನ್ನೇ.