ಪೆನ್‌ಡ್ರೈವ್‌ನಲ್ಲೇ ಪೂರ್ತಿ ಲಿನಕ್ಸ್

14 ಸೆಪ್ಟೆಂಬರ್ 2024, ಶನಿವಾರ

ಇಂದಿನ ಇಡೀ ದಿನ ಒಂದೇ ಕೆಲಸಕ್ಕೆ ಹೋಯಿತು. 64 ಜಿಬಿಯ ಪೆನ್‌ಡ್ರೈವ್ ಒಂದರಲ್ಲಿ, ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯಾದ ಲಿನಕ್ಸನ್ನು ಪೂರ್ತಿಯಾಗಿ ಇನ್‌ಸ್ಟಾಲ್ ಮಾಡಿ, ಅದನ್ನು ಯಾವ ಕಂಪ್ಯೂಟರಿಗೆ ಚುಚ್ಚಿದರೂ ನನ್ನದೇ ಡೆಸ್ಕ್‌ಟಾಪ್, ನನ್ನದೇ ಕಡತಗಳು, ನಾನು ಹೊಂದಿಸಿಕೊಂಡ ಕನ್ನಡ ಕೀಬೋರ್ಡ್ ಎಲ್ಲವೂ ಹಾಗೆಯೇ ತೆರೆದುಕೊಳ್ಳಬೇಕೆಂಬುದು ನನ್ನ ಬಹುದಿನಗಳ ಆಸೆಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತೆಂದು ಭಾವಿಸಿದ್ದೆ. ನಿಜವಾಗಿ ಮುಗಿದದ್ದು ಸಂಜೆ ಏಳರ ಮೇಲೆ. ನಡುವಿನ ಆ ಗಂಟೆಗಳಲ್ಲಿ ತಿಳಿದದ್ದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಇಷ್ಟು ದಿನ ಲೈವ್ ಪೆನ್‌ಡ್ರೈವ್‌ನಲ್ಲಿ ಕೆಲಸ ಸಾಗಿಸುತ್ತಿದ್ದೆ. ಕ್ಲೌಸ್ ಕ್ನಾಪರ್ 2000ದಲ್ಲಿ ಕ್ನಾಪಿಕ್ಸ್ ಎಂಬ ಲೈವ್ ಲಿನಕ್ಸ್ ಸಿ.ಡಿ.ಯನ್ನು ಹೊರತಂದ ಕಾಲದಿಂದಲೂ ಲೈವ್ ವ್ಯವಸ್ಥೆಯ ಮೂಲ ರೀತಿ ಒಂದೇ: ಇಡೀ ವ್ಯವಸ್ಥೆ ಕುಗ್ಗಿಸಿದ ರೂಪದಲ್ಲಿ, ಓದಲು ಮಾತ್ರ ಬರುವಂತೆ ಕುಳಿತಿರುತ್ತದೆ, ನಾವು ಮಾಡುವ ಬದಲಾವಣೆಗಳು ರ್‍ಯಾಮ್‌ನಲ್ಲಿರುತ್ತವೆ, ಕಂಪ್ಯೂಟರ್ ಆರಿಸಿದೊಡನೆ ಅವು ಇಲ್ಲವಾಗುತ್ತವೆ. ಬದಲಾವಣೆಗಳು ಉಳಿಯಬೇಕೆಂದರೆ ಪರ್ಸಿಸ್ಟೆನ್ಸ್ ಎಂಬ ಏರ್ಪಾಡು ಇದೆ. ಅದರಲ್ಲಿ ಬೇರೊಂದು ಪಾರ್ಟಿಷನ್ (ಡ್ರೈವ್‌ನ ಪ್ರತ್ಯೇಕ ಭಾಗ) ಈ ಬದಲಾವಣೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಪತ್ರ ಬರೆಯಲು, ಬ್ರೌಸರ್ ನೋಡಲು ಅದು ಸಾಕು. ಆದರೆ ಅಪ್‌ಡೇಟ್ ಮಾಡುತ್ತ ಹೋದಂತೆ ತಳದಲ್ಲಿ ಹಳೆಯ ಪ್ಯಾಕೇಜುಗಳು ಹಾಗೆಯೇ ಉಳಿದು, ಮೇಲೆ ಹೊಸವು ರಾಶಿ ಬಿದ್ದು, ಒಂದೇ ಸಾಮಾನಿಗೆ ಎರಡು ಕಡೆ ಜಾಗ ಕೊಡಬೇಕಾಗುತ್ತದೆ. ನನ್ನದು ಆರು ತಿಂಗಳಲ್ಲಿ ತುಂಬಿಹೋಯಿತು. ಪೂರ್ತಿ ಇನ್‌ಸ್ಟಾಲ್ ಮಾಡುವುದೇ ಸರಿ ಎಂದು ಆಗ ನಿರ್ಧರಿಸಿದೆ.

ಇದಕ್ಕೆ ಎರಡು ಪೆನ್‌ಡ್ರೈವ್ ಬೇಕು: ಇನ್‌ಸ್ಟಾಲರ್ ಇರುವುದೊಂದು, ವ್ಯವಸ್ಥೆ ಹೋಗಿ ಕೂರುವುದಿನ್ನೊಂದು. ಇಳಿಸಿಕೊಂಡ ಐಎಸ್‌ಒ ಕಡತದ (ಇನ್‌ಸ್ಟಾಲರಿನ ಪೂರ್ತಿ ಪ್ರತಿ) ಎಸ್‌ಎಚ್‌ಎ-256 ಮೊತ್ತವನ್ನು, ಅಂದರೆ ಕಡತ ಕೆಟ್ಟಿಲ್ಲವೆಂದು ತೋರಿಸುವ ಬೆರಳಚ್ಚಿನಂಥ ಸಾಲನ್ನು, ಮೊದಲು ತಾಳೆ ನೋಡಿದೆ. 64 ಅಕ್ಷರಗಳ ಆ ಸಾಲನ್ನು ಕಣ್ಣಿನಿಂದ ಹೋಲಿಸುವ ಬದಲು ಕಂಪ್ಯೂಟರಿಗೇ ಹೋಲಿಸಲು ಹೇಳುವುದು ಒಳ್ಳೆಯದು, ಏಕೆಂದರೆ ಕಣ್ಣು ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕು ಅಕ್ಷರ ನೋಡಿ ತೃಪ್ತಿಪಡುತ್ತದೆ.

ಬಳಿಕ, ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲಿ, ಡಿಸ್ಕ್‌ಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಬಿಎಲ್‌ಕೆ’ ಆಜ್ಞೆ ಕೊಟ್ಟೆ. ಮೂರು ಡಿಸ್ಕ್‌ಗಳು ಕಂಡವು: ಎಸ್‌ಡಿಎ 476.9, ಎಸ್‌ಡಿಬಿ 7.5, ಎಸ್‌ಡಿಸಿ 59.6. ಮೊದಲನೆಯದು ಲ್ಯಾಪ್‌ಟಾಪಿನ 512 ಜಿಬಿ ಎಸ್‌ಎಸ್‌ಡಿ, ಉಳಿದವು 8 ಮತ್ತು 64 ಜಿಬಿಯ ಪೆನ್‌ಡ್ರೈವ್‌ಗಳು. ತಯಾರಿಸುವವರು ಸಾವಿರದ ಲೆಕ್ಕದಲ್ಲಿ, ಈ ಆಜ್ಞೆ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಸಂಖ್ಯೆಗಳು ಕಡಿಮೆ ಕಾಣುತ್ತವೆ. ಗಾತ್ರ ನೋಡಿಯೇ ಯಾವುದು ಯಾವುದೆಂದು ತಿಳಿಯುತ್ತಿದ್ದರೂ, 8 ಜಿಬಿಯದನ್ನು ಕಿತ್ತು ಇನ್ನೊಮ್ಮೆ ಆಜ್ಞೆ ಕೊಟ್ಟು ಎಸ್‌ಡಿಬಿ ಮಾಯವಾದದ್ದನ್ನು ನೋಡಿದೆ. ಮತ್ತೆ ಚುಚ್ಚಿ ಅದೇ ಹೆಸರಿನಲ್ಲಿ ಮರಳಿ ಬಂದದ್ದನ್ನೂ ನೋಡಿದೆ. ಐಎಸ್‌ಒ ಕಡತವನ್ನು ಡಿಸ್ಕಿಗೆ ನೇರವಾಗಿ ನಕಲಿಸಲು ಮುಂದೆ ಕೊಡಬೇಕಾದ ‘ಡಿಡಿ’ ಆಜ್ಞೆ ನಮ್ಮನ್ನು ಏನೂ ಕೇಳುವುದಿಲ್ಲ. ಕೊನೆಯ ಅಕ್ಷರ ಬಿ ಬದಲು ಎ ಆಗಿದ್ದರೆ ಐಎಸ್‌ಒ ಕಡತ ಲ್ಯಾಪ್‌ಟಾಪಿನ ಡಿಸ್ಕಿನ ಮೇಲೆ ಮೊದಲಿನಿಂದ ಬರೆಯಲ್ಪಡುತ್ತಿತ್ತು. ಐಎಸ್‌ಒ ಕಡತ ತನ್ನದೇ ಪಾರ್ಟಿಷನ್ ಪಟ್ಟಿಯನ್ನು ಹೊತ್ತು ತರುವುದರಿಂದ, ಬರೆಯಬೇಕಾದದ್ದು ಎಸ್‌ಡಿಬಿಗೆ, ಅದರ ಮೊದಲ ಪಾರ್ಟಿಷನ್ನಾದ ಎಸ್‌ಡಿಬಿ1ಕ್ಕೆ ಅಲ್ಲ ಎಂಬುದೂ ನೆನಪಿರಬೇಕು. ಇನ್ನೊಂದು ಮಾತು: ಪರದೆಯ ಮೇಲೆ ಎಲ್ಲ ಬೈಟ್‌ಗಳ ಲೆಕ್ಕ ಬಂದ ಮೇಲೂ ಪೆನ್‌ಡ್ರೈವ್‌ನ ದೀಪ ಬಹಳ ಹೊತ್ತು ಮಿನುಗುತ್ತಲೇ ಇತ್ತು. ಲಿನಕ್ಸಿನ ತಿರುಳಾದ ಕರ್ನಲ್ ಮೊದಲು ರ್‍ಯಾಮ್‌ಗೆ ತೆಗೆದುಕೊಂಡು ನಿಧಾನವಾಗಿ ಚಿಪ್ಪಿಗೆ ಇಳಿಸುತ್ತದೆ. ಬಾಕಿಯಿರುವುದನ್ನೆಲ್ಲ ಬರೆದು ಮುಗಿಸುವ ‘ಸಿಂಕ್’ ಆಜ್ಞೆ ಮುಗಿದು ಟರ್ಮಿನಲ್ ಮರಳಿ ಬರುವವರೆಗೆ ಕೀಳಬಾರದು.

ಇನ್‌ಸ್ಟಾಲರ್‌ನಲ್ಲಿ ಪಾರ್ಟಿಷನ್‌ಗಳನ್ನು ಕೈಯಾರೆ ಮಾಡಿದೆ. ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಹಳೆಯವುಗಳಲ್ಲಿ ಬಯಾಸ್, ಹೊಸವುಗಳಲ್ಲಿ ಯುಇಎಫ್‌ಐ. ಹಳೆಯ ಬಯಾಸ್ ಕಂಪ್ಯೂಟರುಗಳಿಗೆಂದು 1 ಎಂಬಿ, ಯುಇಎಫ್‌ಐ ಕಂಪ್ಯೂಟರುಗಳಿಗೆಂದು 512 ಎಂಬಿಯ ಫ್ಯಾಟ್32, ಉಳಿದದ್ದೆಲ್ಲ ಎಕ್ಸ್‌ಟ್4 (ಇವೆರಡೂ ಕಡತಗಳನ್ನು ಜೋಡಿಸಿಡುವ ವಿಧಾನಗಳು). ರ್‍ಯಾಮ್ ಸಾಲದಾದಾಗ ಬಳಕೆಯಾಗುವ ಸ್ವಾಪ್ ಜಾಗ ಕೊಡಲಿಲ್ಲ. ಫ್ಲ್ಯಾಶ್ ಚಿಪ್ಪು ಇಂತಿಷ್ಟು ಸಲ ಮಾತ್ರ ಅಳಿಸಿ ಬರೆಯಲು ಬರುವಂಥದ್ದಾದ್ದರಿಂದ, ಕಡತ ಓದಿದಾಗಲೆಲ್ಲ ವೇಳೆ ಗುರುತು ಹಾಕಬಾರದೆಂದು ‘ನೋಎಟೈಮ್’ ಆಯ್ಕೆಯನ್ನೂ ಸೇರಿಸಿದೆ. ವ್ಯವಸ್ಥೆಯನ್ನು ಶುರುಮಾಡುವ ಬೂಟ್‌ಲೋಡರ್ ಎಲ್ಲಿಗೆ ಎಂದು ಕೇಳಿದಾಗ ಎಸ್‌ಡಿಸಿ ಎಂದು ಆರಿಸಿದೆ. ಒಂದು ಗಂಟೆಯಲ್ಲಿ ಎಲ್ಲ ಮುಗಿದು, ಲ್ಯಾಪ್‌ಟಾಪ್ ಮರಳಿ ಶುರುವಾಗಿ, ಪೆನ್‌ಡ್ರೈವ್‌ನಿಂದಲೇ ಡೆಸ್ಕ್‌ಟಾಪ್ ತೆರೆಯಿತು.

ಮಧ್ಯಾಹ್ನ ಅದನ್ನು ಮನೆಯ ಇನ್ನೊಂದು ಕಂಪ್ಯೂಟರಿಗೆ ಚುಚ್ಚಿದಾಗ, ಬೂಟ್ ಮಾಡಬಲ್ಲ ಸಾಧನ ಯಾವುದೂ ಇಲ್ಲ ಎಂಬ ಒಂದು ಸಾಲು ಮಾತ್ರ ಬಂತು. ಪೆನ್‌ಡ್ರೈವ್ ಅಲ್ಲೇ ಬಿಟ್ಟು, ಲ್ಯಾಪ್‌ಟಾಪಿನಲ್ಲಿ ಏನಾದರೂ ಹುಡುಕೋಣವೆಂದು ಅದನ್ನು ಆನ್ ಮಾಡಿದರೆ, ಅದರ ಸ್ವಂತ ವ್ಯವಸ್ಥೆಯೂ ಬರಲಿಲ್ಲ. ಕಪ್ಪು ಪರದೆಯ ಮೇಲೆ ಬೂಟ್‌ಲೋಡರಿನ ಹೆಸರಾದ ‘ಗ್ರಬ್’ ಎಂಬ ಪದ, ಪಕ್ಕದಲ್ಲಿ ಮಿಡಿಯುವ ಗೆರೆ, ಅಷ್ಟೇ. ಆ ಕ್ಷಣ ಎದೆ ಧಸಕ್ಕೆಂದದ್ದು ನಿಜ. ಆದರೆ ಕಾರಣವನ್ನು ಬಿಡಿಸಿ ಹೇಳಿದ್ದೂ ಅದೇ ಪರದೆ. ಪೆನ್‌ಡ್ರೈವ್ ಇಲ್ಲದೆಯೂ ಗ್ರಬ್ ಕಾಣಿಸಿಕೊಳ್ಳುತ್ತದೆ ಎಂದರೆ ಅದು ಲ್ಯಾಪ್‌ಟಾಪಿನ ಒಳಡಿಸ್ಕಿಗೆ ಹೋಗಿ ಕುಳಿತಿದೆ. ಅದಕ್ಕೆ ಬೇಕಾದ ಉಳಿದ ಕಡತಗಳು ಪೆನ್‌ಡ್ರೈವ್‌ನಲ್ಲಿವೆ. ಹೀಗಾಗಿ ಎರಡನ್ನು ಬೇರೆ ಮಾಡಿದರೆ ಎರಡೂ ನಿಷ್ಪ್ರಯೋಜಕ.

ಪೆನ್‌ಡ್ರೈವ್ ಹಾಕಿ ಒಳಹೊಕ್ಕು ನೋಡಿದೆ. ನಾನು ಮಾಡಿದ 512 ಎಂಬಿ ಪಾರ್ಟಿಷನ್ ಬರಿದಾಗಿತ್ತು. ನಾನು ಎಸ್‌ಡಿಸಿ ಎಂದು ಹೇಳಿದ್ದರೂ, ಇನ್‌ಸ್ಟಾಲರ್ ಮೊದಲು ಸಿಕ್ಕ ಇಎಫ್‌ಐ (ಬೂಟ್‌ಲೋಡರ್ ಇರುವ) ಪಾರ್ಟಿಷನ್ನನ್ನೇ, ಅಂದರೆ ಎಸ್‌ಡಿಎಯಲ್ಲಿದ್ದುದನ್ನೇ, ಹಿಡಿದಿತ್ತು. ಯುಇಎಫ್‌ಐ ಕಂಪ್ಯೂಟರಿನಲ್ಲಿ ಬೂಟ್‌ಲೋಡರಿನ ವಿಳಾಸ ಮದರ್‌ಬೋರ್ಡಿನ ಸ್ವಂತ ನೆನಪಿನಲ್ಲಿ ದಾಖಲಾಗುತ್ತದೆ, ಆ ದಾಖಲೆ ಪೆನ್‌ಡ್ರೈವ್ ಜೊತೆ ಇನ್ನೊಂದು ಕಂಪ್ಯೂಟರಿಗೆ ಹೋಗುವುದಿಲ್ಲ. ಕಿತ್ತು ಚುಚ್ಚುವ ಸಾಧನಗಳಿಗೆಂದೇ ಯುಇಎಫ್‌ಐ ನಿಯಮದಲ್ಲಿ ಬೇರೆ ದಾರಿ ಇದೆ: ಯಾವ ದಾಖಲೆಯೂ ಇಲ್ಲದಿದ್ದರೆ, ಸಾಧನದ ‘ಇಎಫ್‌ಐ’ ಫೋಲ್ಡರಿನೊಳಗಿನ ‘ಬೂಟ್’ ಫೋಲ್ಡರಿನಲ್ಲಿ ‘ಬೂಟ್‌ಎಕ್ಸ್64’ ಎಂಬ ನಿಶ್ಚಿತ ಹೆಸರಿನ ಕಡತವನ್ನು ಫರ್ಮ್‌ವೇರ್ ಹುಡುಕುತ್ತದೆ. ನನ್ನ ಪೆನ್‌ಡ್ರೈವ್‌ನಲ್ಲಿ ಆ ಕಡತ ಇರಲೇ ಇಲ್ಲ.

ಸರಿಪಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪೆನ್‌ಡ್ರೈವ್‌ನ ಫ್ಯಾಟ್32 ಪಾರ್ಟಿಷನ್ನನ್ನು ಅದರ ಜಾಗಕ್ಕೆ ಮೌಂಟ್ ಮಾಡಿ (ಅಂದರೆ ವ್ಯವಸ್ಥೆಗೆ ಜೋಡಿಸಿ), ‘ಗ್ರಬ್-ಇನ್‌ಸ್ಟಾಲ್’ ಆಜ್ಞೆಯನ್ನು ‘ರಿಮೂವಬಲ್’ ಆಯ್ಕೆಯೊಡನೆ ಕೊಟ್ಟೆ. ಬಯಾಸ್‌ಗೆಂದು ಬೇಕಾದ ಪ್ಯಾಕೇಜನ್ನು ಸೇರಿಸಿ ಇನ್ನೊಮ್ಮೆ ಕೊಟ್ಟೆ. ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕೆಂದು ಹೇಳುವ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಒಳಡಿಸ್ಕಿನ ಪಾರ್ಟಿಷನ್ನಿನ ಯುಯುಐಡಿ (ಪಾರ್ಟಿಷನ್ನಿನ ಸ್ವಂತ ಗುರುತು ಸಂಖ್ಯೆ) ಇತ್ತು, ಅದನ್ನು ಅಳಿಸಿ ಪೆನ್‌ಡ್ರೈವ್‌ನದನ್ನು ಬರೆದೆ. ಇಲ್ಲಿ ಎಸ್‌ಡಿಸಿ ಆಗಿರುವುದು ಬೇರೆಡೆ ಎಸ್‌ಡಿಎ ಆಗಬಹುದಾದ್ದರಿಂದ, ಆ ಕಡತದಲ್ಲಿ ಯುಯುಐಡಿ ಬಿಟ್ಟು ಬೇರೇನೂ ಇರಕೂಡದು. ಇನಿಟ್‌ರ್‍ಯಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಓಡುವ ಪುಟ್ಟ ವ್ಯವಸ್ಥೆ) ಈ ಲ್ಯಾಪ್‌ಟಾಪಿಗೆ ಬೇಕಾದ ಡ್ರೈವರ್‌ಗಳನ್ನಷ್ಟೇ ತುಂಬಿಕೊಂಡಿಲ್ಲ, ಎಲ್ಲ ಬಗೆಯವನ್ನೂ ಇಟ್ಟುಕೊಂಡಿದೆ ಎಂಬುದನ್ನೂ ನೋಡಿಕೊಂಡೆ. ಕೊನೆಗೆ ಒಳಡಿಸ್ಕಿಗೆ ಬಂದು ಸೇರಿದ್ದ ಹೆಚ್ಚುವರಿ ಫೋಲ್ಡರನ್ನೂ ಮದರ್‌ಬೋರ್ಡಿನ ದಾಖಲೆಯನ್ನೂ ತೆಗೆದುಹಾಕಿದ ಮೇಲೆ ಲ್ಯಾಪ್‌ಟಾಪ್ ಎಂದಿನಂತೆ ಶುರುವಾಯಿತು. ಮುಂದಿನ ಸಲ ಇನ್‌ಸ್ಟಾಲ್ ಮಾಡುವ ಮೊದಲು ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲಿ ಒಳಡಿಸ್ಕನ್ನೇ ನಿಷ್ಕ್ರಿಯಗೊಳಿಸುತ್ತೇನೆ, ಅದಾಗದಿದ್ದರೆ ಬಿಚ್ಚಿಡುತ್ತೇನೆ. ಕಣ್ಣಿಗೇ ಕಾಣದ ಡಿಸ್ಕಿಗೆ ಯಾವ ಇನ್‌ಸ್ಟಾಲರ್ರೂ ಕೈಹಾಕಲಾರದು.

ಏಳೂಕಾಲಕ್ಕೆ ಎರಡನೆಯ ಕಂಪ್ಯೂಟರಿನಲ್ಲಿ ಡೆಸ್ಕ್‌ಟಾಪ್ ತೆರೆಯಿತು. ಬಯಾಸ್ ಮಾತ್ರ ಇರುವ ಹಳೆಯದೊಂದು ಡೆಸ್ಕ್‌ಟಾಪ್ ಕಂಪ್ಯೂಟರಿಗೂ ಚುಚ್ಚಿದೆ. ಅದರ ಯುಎಸ್‌ಬಿ 2.0 ಕಿಂಡಿಯಿಂದಾಗಿ ಬಹಳ ನಿಧಾನವಾದರೂ, ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಅರ್ಧ ಬರೆದು ಬಿಟ್ಟಿದ್ದ ಕಡತ ಅಲ್ಲೂ ತೆರೆಯಿತು. ಉಳಿದರ್ಧವನ್ನು ಅಲ್ಲೇ ಕುಳಿತು ಬರೆದೆ.

ಒಂದು ಕೊರತೆ ಉಳಿದಿದೆ. ಜೇಬಿನಲ್ಲಿ ತಿರುಗುವ ವಸ್ತು ಎಂದಾದರೂ ಕಳೆದೇ ಹೋಗುತ್ತದೆ. ಇದರೊಳಗಿನದನ್ನು ಲಿನಕ್ಸಿನ ಲಕ್ಸ್ ಎಂಬ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಬೇಕಿತ್ತು, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಬೇಕಿತ್ತು. ಇನ್‌ಸ್ಟಾಲ್ ಮಾಡುವಾಗಲೇ ಆರಿಸುವುದು ಸುಲಭವಾದ್ದರಿಂದ, ಬರುವ ವಾರ ಮೊದಲಿನಿಂದ ಮಾಡುತ್ತೇನೆ. ಅಲ್ಲಿಯವರೆಗೆ ಇದರಲ್ಲಿ ಪಾಸ್‌ವರ್ಡ್ ಆಗಲಿ, ಹಣದ ಲೆಕ್ಕವಾಗಲಿ ಇಡುವುದಿಲ್ಲ. ಇನ್‌ಸ್ಟಾಲರ್ ಇರುವ 8 ಜಿಬಿ ಪೆನ್‌ಡ್ರೈವನ್ನು ಅಳಿಸದೆ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ.