ಅಗಿದು ತಿನ್ನಿ ಅಂದರು, ಹಲ್ಲು ಮಾತ್ರ ಯಾರೂ ನೋಡಲಿಲ್ಲ

18 ಜೂನ್ 2025, ಬುಧವಾರ

ಸಂಜೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ತಣ್ಣಗಿನದು ಏನು ಕುಡಿದರೂ ಮೇಲಿನ ಮುಂದಿನ ಹಲ್ಲುಗಳು ಜುಮ್ಮೆನ್ನುತ್ತಿದ್ದವು. ಅವರು ಪುಟ್ಟ ಕನ್ನಡಿ ಹಿಡಿದು ಹಲ್ಲಿನ ಹಿಂಬದಿ ತೋರಿಸಿದರು. ಮುಂದಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಿಂದೆ ಮಾತ್ರ ಹಲ್ಲಿನ ಗಟ್ಟಿ ಹೊರಪದರ, ಎನಾಮಲ್, ತೆಳುವಾಗಿ, ನುಣ್ಣಗೆ ಮಿರಮಿರ ಅನ್ನುತ್ತಿತ್ತು. ಒಳಗಿನ ಹಳದಿ ಪದರ ಇಣುಕುತ್ತಿತ್ತು. "ವಾಂತಿ, ಹುಳಿತೇಗು ಜಾಸ್ತಿ ಇದೆಯಾ?" ಅಂತ ಕೇಳಿದರು. ನಾನು ಬಾಯಿ ತೆರೆದಿದ್ದೆನೇ ಹೊರತು, ತೂಕ ಇಳಿಸುವ ಆಪರೇಷನ್ ಸುದ್ದಿಯನ್ನು ಇನ್ನೂ ಎತ್ತಿರಲಿಲ್ಲ!

ನನ್ನದು ಸ್ಲೀವ್. ಜಠರದ ಮುಕ್ಕಾಲು ಭಾಗಕ್ಕೂ ಜಾಸ್ತಿ ಕತ್ತರಿಸಿ ತೆಗೆದು, ಉಳಿದದ್ದನ್ನು ಸಣ್ಣ ಕೊಳವೆಯ ಹಾಗೆ ಮಾಡಿದ್ದಾರೆ. ಇದಾದ ಮೇಲೆ ಎಷ್ಟೋ ಜನರಿಗೆ ಆಸಿಡ್ ಮೇಲಕ್ಕೆ ಉಕ್ಕುವ ತೊಂದರೆ ಶುರುವಾಗುತ್ತದೆ. ಹುಳಿ ಅಳೆಯುವ ಲೆಕ್ಕಕ್ಕೆ ಪಿಎಚ್ ಅನ್ನುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಹೊಟ್ಟೆಯ ಆಸಿಡ್ 1ರಿಂದ 2ರ ಆಸುಪಾಸು. ಅದು ಬಾಯಿಗೆ ಬಂದರೆ ಮೊದಲು ಪೆಟ್ಟು ತಿನ್ನುವುದು ಮೇಲಿನ ಹಲ್ಲಿನ ಹಿಂಬದಿಯೇ.

ವಾಂತಿ ಆದ ತಕ್ಷಣ ಬ್ರಷ್ ಹಿಡಿಯಬೇಡಿ ಅಂದರು. ಆಗ ಎನಾಮಲ್ ಮೆತ್ತಗಾಗಿರುತ್ತದೆ, ಉಜ್ಜಿದರೆ ಸವೆದೇ ಹೋಗುತ್ತದೆ. ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಬೇಕು, ಗಂಟೆ ಬಿಟ್ಟು ಬ್ರಷ್ ಮಾಡಬೇಕು.

ಇನ್ನೊಂದು ಪೇಚಾಟ ಇದೆ. ನಮ್ಮಂಥವರಿಗೆ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಿ ಅನ್ನುತ್ತಾರೆ. ಪ್ರತಿ ಸಲ ತಿಂದಾಗಲೂ ಬಾಯಲ್ಲಿ ಹುಳಿ ಏರುತ್ತದೆ, ಅದನ್ನು ಇಳಿಸಲು ಜೊಲ್ಲಿಗೆ ಅರ್ಧ ಗಂಟೆಯಾದರೂ ಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಆಮೇಲೂ ಗುಟುಕು ಗುಟುಕಾಗಿಯೇ ಕುಡಿಯಬೇಕು. ಹೀಗಾಗಿ ಬಾಯಿ ಒಣಗಿಯೇ ಇರುತ್ತದೆ. ಜೊಲ್ಲು ಪಾಪ ಎಷ್ಟು ಅಂತ ಸುಧಾರಿಸೀತು? ಅಗಿಯುವ ಸಿಹಿ ವಿಟಮಿನ್ ಮಾತ್ರೆ ಹಲ್ಲಿಗೆ ಅಂಟಿಕೊಳ್ಳುವುದು ಬೇರೆ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಆಪರೇಷನ್ನಿಗೆ ಮೊದಲು ಹೃದಯ ನೋಡಿದರು, ಶ್ವಾಸಕೋಶ ನೋಡಿದರು, ರಕ್ತ ಅಂತೂ ಸೀಸೆಗಟ್ಟಲೆ ತೆಗೆದರು. "ತುತ್ತನ್ನು ನುಣ್ಣಗೆ ಅಗಿದು ನುಂಗಿ" ಅಂತ ನೂರು ಸಲ ಹೇಳಿದರು. ಅಗಿಯಲು ಹಲ್ಲು ಇದೆಯಾ ಅಂತ ಒಬ್ಬರೂ ಕೇಳಲಿಲ್ಲ. ನನ್ನ ಎಡಗಡೆ ಕೆಳಗಿನ ಎರಡು ದವಡೆ ಹಲ್ಲು ಎಂದೋ ಹೋಗಿವೆ. ಮೊದಲು ಅದು ದೊಡ್ಡ ವಿಷಯವೇ ಆಗಿರಲಿಲ್ಲ, ಅರ್ಧಂಬರ್ಧ ಅಗಿದದ್ದನ್ನು ಹೊಟ್ಟೆ ನೋಡಿಕೊಳ್ಳುತ್ತಿತ್ತು. ಈಗ ಹಾಗಲ್ಲ. ಸರಿಯಾಗಿ ಅಗಿಯದ ಒಂದು ತುತ್ತು ಎದೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಬಾಯಲ್ಲಿ ನೀರು ತುಂಬುತ್ತದೆ. ಎದ್ದು ಹೋಗಬೇಕು. ವಾಪಸ್ ಬಂದದ್ದು ಮತ್ತೆ ಹಲ್ಲನ್ನೇ ತಿನ್ನುತ್ತದೆ.

ಹಲ್ಲಿನ ಡಾಕ್ಟರ ಬಳಿ ಒಂದು ಪ್ರಶ್ನೆಪಟ್ಟಿ ಇತ್ತು, ಓಹೆಚ್‌ಐಪಿ-14 ಅಂತೆ. ಹೆಸರಿನ ಹಾಗೆ 14 ಪ್ರಶ್ನೆ. ಬಾಯಿ, ಹಲ್ಲಿನ ತೊಂದರೆಯಿಂದ ಬದುಕು ಎಷ್ಟು ಕೆಟ್ಟಿದೆ ಅಂತ ಅಳೆಯಲು. ಮಾತಾಡಲು ಕಷ್ಟವೇ, ರುಚಿ ಕೆಟ್ಟಿದೆಯೇ ಅನ್ನುವುದಕ್ಕೆ "ಇಲ್ಲ" ಅಂತ ಸರಸರ ಗುರುತು ಹಾಕಿದೆ. "ಊಟ ಅರ್ಧಕ್ಕೇ ನಿಲ್ಲಿಸಬೇಕಾಗಿದೆಯೇ?" ಅನ್ನುವಲ್ಲಿ ಪೆನ್ನು ನಿಂತಿತು. ನಾಲ್ಕು ಜನರ ಜೊತೆ ಕೂತು ಉಣ್ಣುವುದನ್ನು ನಾನು ತಪ್ಪಿಸಿಕೊಳ್ಳುತ್ತಿದ್ದೇನೆ ಅಲ್ವಾ? ಮಂಡಿನೋವು ಹೋಗಿದೆ, ನಿದ್ದೆ ಚೆನ್ನಾಗಿ ಬರುತ್ತದೆ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದಿಲ್ಲ. ಆಪರೇಷನ್ ಮಾಡಿಸಿದ್ದಕ್ಕೆ ಖಂಡಿತ ಬೇಜಾರಿಲ್ಲ. ಆದರೂ "ಆಗಾಗ" ಅನ್ನುವುದಕ್ಕೇ ಗುರುತು ಹಾಕಿದೆ.

ಹೊರಡುವಾಗ ಒಂದು ಮಾತು ಹೇಳಿದರು. ತೂಕ ಇಳಿಸಲು ಹೊಟ್ಟೆಯ ಬೈಪಾಸ್ (ಹೃದಯದ್ದಲ್ಲ) ಮಾಡಿಸಿಕೊಂಡವರು ಹಲ್ಲುನೋವಿಗೆ ಸುಮ್ನೆ ಐಬುಪ್ರೊಫೇನ್ ನುಂಗಬಾರದಂತೆ, ಹೊಲಿದ ಜಾಗದಲ್ಲಿ ಹುಣ್ಣಾಗುವ ಅಪಾಯ ಜಾಸ್ತಿ. ಇದನ್ನು ಬೈಪಾಸ್ ಆಗಿರುವ ಗೆಳತಿಗೆ ಆಗಲೇ ಮೆಸೇಜ್ ಮಾಡಿದೆ.

ನನಗೆ ಹೆಚ್ಚು ಫ್ಲೋರೈಡ್ ಇರುವ ಪೇಸ್ಟ್ ಬರೆದಿದ್ದಾರೆ. ರಾತ್ರಿ ಉಜ್ಜಿ ಉಗಿಯಬೇಕು ಅಷ್ಟೇ, ನೀರಲ್ಲಿ ತೊಳೆಯಬಾರದು. ದವಡೆ ಹಲ್ಲು ಕಟ್ಟಿಸುವುದು ಆಮೇಲೆ. ಮೊದಲು ಆಪರೇಷನ್ ಮಾಡಿದ ಡಾಕ್ಟರನ್ನು ಕಂಡು ಆಸಿಡ್‌ಗೆ ದಾರಿ ಹುಡುಕಿ, ಅದು ನಿಲ್ಲದೆ ಎಷ್ಟು ಹಲ್ಲು ಸರಿ ಮಾಡಿದರೂ ಸವೆಯುತ್ತಲೇ ಇರುತ್ತದೆ ಅಂದರು. ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ.