ಸ್ಟೀರಿಂಗಿನ ಆಟ ಹುಟ್ಟುವುದು ಎಲ್ಲಿ?

ನನ್ನ ಹಳೆಯ ಕಾರು ನೇರ ರಸ್ತೆಯಲ್ಲಿಯೂ ಕೈಗೆ ಬಿಡುವು ಕೊಡುತ್ತಿರಲಿಲ್ಲ. ಸ್ಟೀರಿಂಗನ್ನು ಎರಡು ಬೆರಳಿನಗಲ ಆಚೀಚೆ ಆಡಿಸಿದರೂ ಅದು ತನ್ನ ಪಾಡಿಗೆ ಸಾಗುತ್ತಿತ್ತು. ಇನ್ನೊಂದಿಷ್ಟು ತಿರುಗಿಸಿದರೆ ಥಟ್ಟನೆ ಎಚ್ಚೆತ್ತಂತೆ ಪಕ್ಕಕ್ಕೆ ಸರಿಯುತ್ತಿತ್ತು. ಈ ಮೊದಲು ಒಬ್ಬ ಮೆಕ್ಯಾನಿಕ್ ಸ್ಟೀರಿಂಗಿನ ತಿರುವನ್ನು ಚಕ್ರಗಳ ಕಡೆಗೆ ದಾಟಿಸುವ ಸ್ಟೀರಿಂಗ್ ಬಾಕ್ಸಿನ ತಲೆಯ ಮೇಲಿರುವ ಸ್ಕ್ರೂವನ್ನು ಬಿಗಿ ಮಾಡಿ, ಕೆಲಸ ಮುಗಿಯಿತೆಂದು ಕಳುಹಿಸಿದ್ದರು. ಆ ಸಡಿಲು, ಅಂದರೆ ಸ್ಟೀರಿಂಗಿನ ‘ಆಟ’, ಹೋಗಲಿಲ್ಲ, ಬದಲಾಗಿ, ತಿರುವು ದಾಟಿದ ಮೇಲೆ ಸ್ಟೀರಿಂಗ್ ತಾನಾಗಿಯೇ ಮಧ್ಯಕ್ಕೆ ಮರಳುವುದೂ ನಿಂತುಹೋಯಿತು.

ಆ ಸ್ಕ್ರೂ ಕೈಗೆ ಸುಲಭವಾಗಿ ಸಿಗುತ್ತದೆ, ಎಲ್ಲರೂ ಮೊದಲು ಅದರ ಮೇಲೆಯೇ ಎರಗುವುದು ಅದಕ್ಕೇ ಇರಬೇಕು. ಆದರೆ ಇಂಥ ಬಾಕ್ಸಿನೊಳಗೆ ವರ್ಮ್ ಗೇರು (ಸ್ಕ್ರೂವಿನಂಥ ಸುರುಳಿ ದಂಡ) ಉಕ್ಕಿನ ಗುಂಡುಗಳ ಮೂಲಕ ಒಂದು ನಟ್ಟನ್ನು ಸರಿಸುತ್ತದೆ, ನಟ್ಟಿನ ಹಲ್ಲುಗಳು ಚಕ್ರಗಳ ಕಡೆಯ ಸರಳುಗಳನ್ನು ಆಡಿಸುವ ಸೆಕ್ಟರ್ ಶಾಫ್ಟನ್ನು ತಿರುಗಿಸುತ್ತವೆ, ಮತ್ತು ಆ ಹಲ್ಲುಗಳು ನಡುವಿನ ಸ್ಥಾನದಲ್ಲಿ ಮಾತ್ರ ತುಸು ಬಿಗಿಯಾಗಿ ಕೂಡುವಂತೆ ಬೇಕೆಂದೇ ರೂಪುಗೊಂಡಿರುತ್ತವೆ. ಕಾರು ತನ್ನ ಆಯುಷ್ಯದ ಬಹುಭಾಗವನ್ನು ನೇರವಾಗಿಯೇ ಓಡುವುದರಿಂದ ಸವೆತವೂ ಆ ನಡುವಿನಲ್ಲೇ ಹೆಚ್ಚು. ಅಲ್ಲಿನ ಸಡಿಲನ್ನು ತುಂಬಲು, ಹಲ್ಲುಗಳನ್ನು ಹತ್ತಿರಕ್ಕೆ ಒತ್ತುವ ಆ ಸ್ಕ್ರೂವನ್ನು ಮಿತಿಮೀರಿ ಬಿಗಿದರೆ, ಸವೆಯದ ಅಕ್ಕಪಕ್ಕದ ಹಲ್ಲುಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ.

ಹಾಗಾಗಿ ನಾನು ಮೊದಲು ಅಳತೆಗೆ ಇಳಿದೆ. ಟೈರುಗಳ ಗಾಳಿ ಸರಿಪಡಿಸಿ, ಚಕ್ರಗಳನ್ನು ನೇರವಾಗಿಟ್ಟು, ಸ್ಟೀರಿಂಗಿನ ಅಂಚಿಗೆ ಟೇಪು ಅಂಟಿಸಿ, ಮುಂದಿನ ಟೈರು ಅಲುಗುವ ತನಕ ಎರಡೂ ಕಡೆ ಮೆಲ್ಲಗೆ ತಿರುಗಿಸಿದಾಗ ಆಟ 45 ಮಿ.ಮೀ. ಬಂದಿತು. ಹಲವು ಕೈಪಿಡಿಗಳು 30 ಮಿ.ಮೀ. ಅನ್ನು ಗರಿಷ್ಠ ಮಿತಿಯೆನ್ನುತ್ತವೆ, ಆದರೂ ನಿಮ್ಮ ಕಾರಿನ ಕೈಪಿಡಿಯಲ್ಲಿರುವ ಅಂಕಿಯನ್ನೇ ನಂಬಬೇಕು. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇಟ್ಟು ಅಳೆಯಬೇಕು.

ಮುಂದಿನ ಪರೀಕ್ಷೆಗೆ ಇಬ್ಬರು ಬೇಕು. ಕಾರಿನ ಭಾರವೆಲ್ಲ ಚಕ್ರಗಳ ಮೇಲಿರುವಾಗಲೇ ಒಬ್ಬರು ಎಂಜಿನ್ ಆರಿಸಿ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಚುರುಕಾಗಿ ಅಲುಗಿಸುತ್ತಿರಬೇಕು, ಇನ್ನೊಬ್ಬರು ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡುತ್ತ ಹೋಗಬೇಕು. ಒಂದು ಭಾಗ ಅಲುಗಿದ ಕೂಡಲೇ ಅದಕ್ಕೆ ಜೋಡಿಸಿದ ಮುಂದಿನ ಭಾಗ ಅಲುಗದಿದ್ದರೆ ಆಟ ಇರುವುದು ಆ ಎರಡರ ನಡುವೆ. ಕಾಲಮ್ಮಿನ (ಸ್ಟೀರಿಂಗಿನಿಂದ ಬಾಕ್ಸಿಗೆ ಇಳಿಯುವ ದಂಡದ) ಜಾಯಿಂಟು ಗಟ್ಟಿಯಾಗಿತ್ತು, ಬಾಕ್ಸನ್ನು ಚಾಸಿಗೆ ಬಿಗಿದ ಬೋಲ್ಟುಗಳೂ ಭದ್ರವಾಗಿದ್ದವು. ಬಾಕ್ಸಿನ ಎದುರು ಬದಿಯಲ್ಲಿ ಸರಳುಗಳಿಗೆ ಆಸರೆಯಾಗಿರುವ ಐಡ್ಲರ್ ಆರ್ಮ್ ಮಾತ್ರ ಪಕ್ಕಕ್ಕೆ ಚಲಿಸುವ ಮೊದಲು ಮೇಲೆ ಕೆಳಗೆ ಕುಣಿಯುತ್ತಿತ್ತು, ಅದರ ಬುಷ್ ಸವೆದು ಹೋಗಿತ್ತು. ಎಡಗಡೆಯ ಹೊರ ಟೈ ರಾಡ್ ಎಂಡ್ (ಚಕ್ರವನ್ನು ತಿರುಗಿಸುವ ಸರಳಿನ ತುದಿಯ ಕೀಲು) ಕೂಡ ಸಣ್ಣಗೆ ಟಕ್ ಎನ್ನುತ್ತಿತ್ತು.

ಬಳಿಕ ಕಾರನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದೆ. ಇಲ್ಲಿ ಆಟ ಕಂಡರೆ ಬೇರೆಯವರಿಂದ ಬ್ರೇಕ್ ಒತ್ತಿಸಿ ನೋಡಬೇಕು: ಆಗ ಆಟ ಮಾಯವಾದರೆ ದೋಷ ಬೇರಿಂಗಿನದು, ಉಳಿದರೆ ಚಕ್ರವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಬಾಲ್ ಜಾಯಿಂಟಿನದು. ನನ್ನ ಪುಣ್ಯಕ್ಕೆ ಎರಡೂ ಚೆನ್ನಾಗಿದ್ದವು.

ಐಡ್ಲರ್ ಆರ್ಮನ್ನೂ ಟೈ ರಾಡ್ ಎಂಡನ್ನೂ ಬದಲಿಸಿದೆ. ಹಳೆಯ ಟೈ ರಾಡ್ ಎಂಡನ್ನು ಬಿಚ್ಚುವಾಗ ಎಷ್ಟು ಸುತ್ತು ಬಂತೆಂದು ಎಣಿಸಿಕೊಂಡು ಹೊಸದನ್ನೂ ಅಷ್ಟೇ ಸುತ್ತು ಹಾಕಿದೆ. ಇದು ಅಲೈನ್‌ಮೆಂಟ್ ಅಂಗಡಿಯವರೆಗೆ ಓಡಿಸಿಕೊಂಡು ಹೋಗಲು ಸಾಕೇ ಹೊರತು ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖಮಾಡಿರುವ ಕೋನ, ಸರಿಪಡಿಸುವುದಕ್ಕೆ ಬದಲಿಯಲ್ಲ. ಕಿರೀಟದಂಥ ನಟ್ಟಿನ ಸೀಳಿಗೂ ಪಿನ್ನಿನ ತೂತಿಗೂ ಹೊಂದಿಕೆಯಾಗದಿದ್ದರೆ ನಟ್ಟನ್ನು ಮುಂದಕ್ಕೆ ಬಿಗಿಯಬೇಕು, ಎಂದಿಗೂ ಹಿಂದಕ್ಕೆ ಸಡಿಲಿಸಬಾರದು. ಪಿನ್ನು ಹೊಸದೇ ಇರಬೇಕು.

ಕೊನೆಗೆ ಆ ಸ್ಕ್ರೂ. ಬಾಕ್ಸಿನಿಂದ ಚಕ್ರಗಳಿಗೆ ಹೋಗುವ ಸರಳುಗಳ ಜೋಡಣೆಯನ್ನು (ಲಿಂಕೇಜ್) ಬೇರ್ಪಡಿಸಿ, ಸ್ಟೀರಿಂಗಿನ ಒಟ್ಟು ಸುತ್ತುಗಳನ್ನು ಎಣಿಸಿ ಅರ್ಧಕ್ಕೆ ತಂದು ನಿಲ್ಲಿಸಿ, ಲಾಕ್ ನಟ್ಟು ಬಿಚ್ಚಿ ಸ್ಕ್ರೂವನ್ನು ಸಡಿಲಿಸಿದೆ. ಆಮೇಲೆ ನಡುವಿನ ಆಟ ಅಡಗುವಷ್ಟು ಮಾತ್ರ ಮರಳಿ ಬಿಗಿದೆ. ಆ ಮೆಕ್ಯಾನಿಕ್ ಬಿಗಿದಿದ್ದ ಸ್ಥಾನಕ್ಕಿಂತ ಅದು ಸುಮಾರು ಅರ್ಧ ಸುತ್ತು ಹಿಂದೆಯೇ ನಿಂತಿತು. ಟೋ ಸರಿಪಡಿಸಿದ ಮೇಲೆ ಅದೇ ಟೇಪಿನ ಗುರುತಿನಲ್ಲಿ ಅಳೆದರೆ ಆಟ 15 ಮಿ.ಮೀ. ಇತ್ತು, ತಿರುವಿನಲ್ಲಿ ಕೈ ಸಡಿಲಿಸಿದರೆ ಸ್ಟೀರಿಂಗ್ ತಾನೇ ಮಧ್ಯಕ್ಕೆ ಮರಳುತ್ತಿತ್ತು.